ಕೆಲಸ ಬಿಟ್ಟು ದೇಶ ಸುತ್ತಲು ಹೊರಟ ಯುವತಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಯುವತಿಗೆ 27 ವರ್ಷ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರಾಜೀನಾಮೆ ಕೊಟ್ಟು ಒಂದು ವರ್ಷ ದೇಶ ವಿದೇಶ ಸುತ್ತಿ ಬರಬೇಕೆಂದು ಅವರು ನಿಶ್ಚಯಿಸಿದ್ದರು; ತಂದೆ ಅದನ್ನು ಹುಚ್ಚಾಟವೆಂದು ತಳ್ಳಿಹಾಕಿದ್ದರು. “ಹೋಗಿ ಬರಲಿ ಎಂದು ನೀವೊಂದು ಮಾತು ಹೇಳಿಬಿಡಿ ಮೇಡಂ, ಮನೆಯವರನ್ನು ಒಪ್ಪಿಸುವುದು ಸುಲಭವಾಗುತ್ತದೆ” ಎಂಬುದು ಅವರ ಮೊದಲ ಕೋರಿಕೆ. ಅಂಥ ಅಪ್ಪಣೆ ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲವೆಂದು ಆಗಲೇ ತಿಳಿಸಿದೆ.

ತಾವು ಸಿದ್ಧಪಡಿಸಿದ್ದ ಖರ್ಚಿನ ಪಟ್ಟಿಯನ್ನು ಅವರು ಮೊಬೈಲಿನಲ್ಲಿ ತೋರಿಸಿದರು. ವೀಸಾ ಶುಲ್ಕ, ವಸತಿ, ಬಸ್ಸು ರೈಲುಗಳ ದರ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆದರೆ ಪಟ್ಟಿ ವಾಪಸು ಬರುವ ಟಿಕೆಟ್ಟಿಗೇ ಮುಗಿದುಹೋಗಿತ್ತು. ಮೊದಲು ತಲುಪುವ ಊರಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಾಗ, ತುಸು ಯೋಚಿಸಿ, “ಮಲಗುತ್ತೇನೆ” ಎಂದರು. ಆ ದಿನದ ಮಾತುಕತೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಉತ್ತರ ಅದೇ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಬರುವ ತೀವ್ರ ಬಳಲಿಕೆಯನ್ನು, ಕಾಯಿಲೆಯೆನ್ನದೆ, ಸರಿಯಾಗಿ ನಿಭಾಯಿಸಲಾಗದ ಉದ್ಯೋಗದೊತ್ತಡದ ಪರಿಣಾಮವೆಂದು ವಿವರಿಸುತ್ತದೆ. ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಜಿಗುಪ್ಸೆ, ದಕ್ಷತೆ ಕುಗ್ಗಿತೆಂಬ ಭಾವನೆ ಅದರ ಲಕ್ಷಣಗಳು. ಮೊದಲ ಎರಡು ಇವರಲ್ಲಿ ಎದ್ದು ಕಾಣುತ್ತಿದ್ದವು. ಗೆಳತಿಯರ ಒಡನಾಟ, ಓದುಗಳಲ್ಲಿ ಆಸಕ್ತಿ ಉಳಿದಿತ್ತು. ಅದೂ ಇಲ್ಲವಾಗಿದ್ದರೆ ಮನೋವೈದ್ಯರನ್ನು ಕಾಣಲು ಹೇಳುತ್ತಿದ್ದೆ.

ದಣಿವು ಬೇರೆ, ಪ್ರವಾಸದ ಆಸೆ ಬೇರೆ. ಎರಡೂ ಒಂದರಲ್ಲೊಂದು ಬೆರೆತಿರುವಾಗ ರಾಜೀನಾಮೆ ಬರೆಯಬೇಡಿ ಎಂದೆ. ಬಾಕಿಯಿರುವ ರಜೆಯಲ್ಲಿ ಎರಡು ವಾರ ಎಲ್ಲಿಗೂ ಹೋಗದೆ ವಿಶ್ರಮಿಸಿ, ಆಮೇಲೂ ಆಸೆ ಉಳಿದರೆ, ವೇತನರಹಿತ ರಜೆಗೆ ಅವಕಾಶವಿದೆಯೇ ಎಂದು ಸಂಸ್ಥೆಯನ್ನು ಕೇಳಿ, ಒಪ್ಪಿದರೆ ಅದನ್ನು ಲಿಖಿತವಾಗಿ ಪಡೆಯುವಂತೆ ಸೂಚಿಸಿದೆ. ಕೆಲಸ ಬಿಟ್ಟರೆ ಸಂಸ್ಥೆಯ ಆರೋಗ್ಯ ವಿಮೆ ಸಾಮಾನ್ಯವಾಗಿ ನಿಂತುಹೋಗುತ್ತದೆಂಬುದನ್ನೂ, ಹಿಂದಿರುಗಿ ಹೊಸ ಕೆಲಸ ಸಿಗುವವರೆಗಿನ ತಿಂಗಳುಗಳ ಖರ್ಚನ್ನು ಪ್ರವಾಸದ ಹಣದಿಂದ ಬೇರೆಯಾಗಿಯೇ ಇಡಬೇಕೆಂಬುದನ್ನೂ ಚರ್ಚಿಸಿದೆವು.

ಮುಂದಿನ ಭೇಟಿಗೆ ಅವರ ಒಪ್ಪಿಗೆಯಿಂದ ತಂದೆಯವರೂ ಬಂದರು. ಮಗಳು ಒಬ್ಬಳೇ ಹೋಗುವಳೆಂಬ ಅಂಜಿಕೆ ಅವರಿಗಿತ್ತು, ನಿಜ. ಆದರೆ ಹಲವು ಸುತ್ತಿನ ಮಾತಿನ ಬಳಿಕ ಹೊರಬಿದ್ದದ್ದು ಮನೆಸಾಲದ ಚಿಂತೆ. ಕಂತಿನ ಅರ್ಧ ಹೋಗುತ್ತಿದ್ದುದು ಮಗಳ ಸಂಬಳದಿಂದ. ಕುಟುಂಬದ ವಿರೋಧಗಳ ಹಿಂದೆ ಇಂಥ ಬಾಯಿಬಿಡದ ಲೆಕ್ಕ ಇರುವುದು ಅಪರೂಪವೇನಲ್ಲ. ಪ್ರವಾಸದ ಅವಧಿಯ ಕಂತುಗಳನ್ನು ಮೊದಲೇ ಎತ್ತಿಡುವುದಾಗಿ ಮಗಳು ಹೇಳಿದ ಮೇಲೆ ಮಾತಿನ ಬಿಗುವು ಸಡಿಲಿತು.

ರಜೆಯ ನಂತರವೂ ಆಸೆ ಉಳಿಯಿತು. ಆದರೆ ಒಂದು ವರ್ಷದ ಯೋಜನೆ ನಾಲ್ಕು ತಿಂಗಳಿಗೆ ಇಳಿದು, ಊರುಗಳ ಪಟ್ಟಿಯೂ ಅರ್ಧವಾಯಿತು. ಸಂಸ್ಥೆ ಮೂರು ತಿಂಗಳ ವೇತನರಹಿತ ರಜೆಗೆ ಒಪ್ಪಿದ್ದು, ನಾಲ್ಕನೆಯ ತಿಂಗಳನ್ನು ಬಿಡಬೇಕೋ ಕೆಲಸವನ್ನೇ ಬಿಡಬೇಕೋ ಎಂಬುದನ್ನು ಅವರಿನ್ನೂ ನಿರ್ಧರಿಸಿಲ್ಲ.