ಬೀಳುವುದೇ ಪಟ್ಟಾದಾಗ

ಮಾನ್ಯ ಓದುಗರೆ,

ಕಳೆದ ಸಂಚಿಕೆಯ ‘ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು’ ಎಂಬ ಹಾಸ್ಯಬರಹ ತಮಗೆ ನೋವು ತಂದಿದೆ. ನೌಕೆಗಳನ್ನು ಚಂದ್ರನಿಗೆ ಅಪ್ಪಳಿಸಿ, ಆಮೇಲೆ ಅದನ್ನೇ ವಿಜ್ಞಾನವೆಂದು ಹೇಳಿಕೊಳ್ಳುವವರನ್ನು ಆ ಬರಹ ಗೇಲಿ ಮಾಡಿತ್ತು. ಇಂಥ ಬರಹಗಳನ್ನು ನಿಲ್ಲಿಸಬೇಕೆಂದು ಕೇಳಿರುವ ತಾವು, ಹೀಗೆ ಗುದ್ದುವುದರಿಂದ ಚಂದ್ರನಿಗೆ ಹಾನಿಯಾಗದೇ ಎಂದೂ ಪ್ರಶ್ನಿಸಿದ್ದೀರಿ.

ನಗೆಯನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ. ವರ್ಷಗಟ್ಟಲೆ ಕೂತು ಕಟ್ಟಿದ ಯಂತ್ರವನ್ನು ಬೇಕೆಂದೇ ಪುಡಿಮಾಡುವುದು ಯಾರಿಗಾದರೂ ನಗು ತರಿಸುವ ಸಂಗತಿಯೇ. ಆದರೆ ನಮ್ಮ ಬರಹ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಾಡಿಗೆ ಕಟ್ಟಿತು. 2019ರ ಇಸ್ರೇಲಿನ ಬೆರೆಶೀಟ್, ಅದೇ ವರ್ಷದ ನಮ್ಮ ಚಂದ್ರಯಾನ-2ರ ವಿಕ್ರಮ್, 2023ರ ರಷ್ಯಾದ ಲೂನಾ-25 ಇವೆಲ್ಲ ಮೆಲ್ಲನೆ ಇಳಿಯಬೇಕೆಂದು ಹೊರಟು ಅಪ್ಪಳಿಸಿದವು. ಅಮೆರಿಕದ ನಾಸಾ ಸಂಸ್ಥೆಯ 2009ರ ಎಲ್‌ಕ್ರಾಸ್ ಅಪ್ಪಳಿಸಲೆಂದೇ ಹೊರಟಿತ್ತು. ಸೋತದ್ದನ್ನು ಗೆಲುವೆಂದು ಸಾಧಿಸುವವನಿಗೆ ಹೇಳುವ ಗಾದೆಯನ್ನು ಎಲ್‌ಕ್ರಾಸ್‌ಗೆ ಹಚ್ಚಿದ್ದು ತಪ್ಪು. ಅಲ್ಲಿ ಬೀಳುವುದೇ ನಿಜವಾದ ಪಟ್ಟಾಗಿತ್ತು. ಪ್ರಕಟಣೆಗೆ ಮುನ್ನ ಇದನ್ನು ಗಮನಿಸಬೇಕಾದ್ದು ನನ್ನ ಹೊಣೆಯಾಗಿತ್ತು.

ಆ ಪಟ್ಟು ಹೇಗಿತ್ತೆಂದು ತುಸು ವಿವರವಾಗಿಯೇ ಹೇಳುತ್ತೇನೆ. ಚಂದ್ರನ ದಕ್ಷಿಣ ಧ್ರುವದ ಬಳಿಯ ಕ್ಯಾಬಿಯಸ್ ಕುಳಿಯ ತಳದಲ್ಲಿ ಸೂರ್ಯನ ಬೆಳಕು ಎಂದೂ ತಲುಪದ ಭಾಗವಿದೆ. ಅಲ್ಲಿ ನೀರಿನ ಮಂಜುಗಡ್ಡೆ ಇದೆಯೇ ಎಂದು ತಿಳಿಯಲು ಮಣ್ಣನ್ನು ಬೆಳಕಿಗೆ ಎತ್ತಿ ಹಾರಿಸಬೇಕಿತ್ತು. 2009ರ ಅಕ್ಟೋಬರ್ 9ರಂದು, ಎರಡು ಟನ್ನಿಗೂ ಹೆಚ್ಚು ತೂಕದ ಖಾಲಿ ಸೆಂಟಾರ್ ರಾಕೆಟ್ ಹಂತವು ಸೆಕೆಂಡಿಗೆ ಸುಮಾರು ಎರಡೂವರೆ ಕಿಲೋಮೀಟರ್ ವೇಗದಲ್ಲಿ ಕುಳಿಗೆ ಬಡಿಯಿತು. ಹಿಂದೆಯೇ ಬರುತ್ತಿದ್ದ ಎಲ್‌ಕ್ರಾಸ್‌ನ ಪುಟ್ಟ ನೌಕೆಗೆ ಉಳಿದಿದ್ದ ಆಯುಷ್ಯ ಸುಮಾರು ನಾಲ್ಕು ನಿಮಿಷ. ಅಷ್ಟರೊಳಗೆ ಅದು ಮೇಲೆದ್ದ ಧೂಳು ಮತ್ತು ಆವಿಯನ್ನು ಅಳೆದು, ಭೂಮಿಗೆ ಮಾಹಿತಿ ಕಳುಹಿಸುತ್ತಲೇ ತಾನೂ ನೆಲಕ್ಕೆ ಬಿತ್ತು. ದೂರದರ್ಶಕ ಹಿಡಿದು ಕಾದಿದ್ದ ಹವ್ಯಾಸಿಗಳಿಗೆ ಮಾತ್ರ ಏನೂ ಕಾಣಲಿಲ್ಲ. ‘ಚಂದ್ರನಿಗೆ ಬಾಂಬು’ ಎಂಬ ನಗೆಚಟಾಕಿಗಳು ಇನ್ನಷ್ಟು ಹರಡಿದ್ದು ಸಹಜವೇ. ಆ ಬಾಂಬಿನಲ್ಲಿ ಸಿಡಿಮದ್ದು ಇರಲಿಲ್ಲ; ಕೆಲಸ ಮಾಡಿದ್ದು ಬರೀ ವೇಗ. ಉಪಕರಣಗಳು ಕಂಡ ನೀರಿನ ಪ್ರಮಾಣ ಸುಮಾರು 155 ಕಿಲೋ ಎಂದು ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದರು.

ಹೀಗೆ ಬೀಳಿಸಿದ್ದು ಅದೇ ಮೊದಲೇನಲ್ಲ. ಚಂದ್ರಯಾನ-1ರ ಪುಟ್ಟ ಶೋಧಕ 2008ರ ನವೆಂಬರ್ 14ರಂದು ದಕ್ಷಿಣ ಧ್ರುವದ ಬಳಿ ಬಿದ್ದಿತ್ತು. ಬೀಳುವ ದಾರಿಯಲ್ಲೇ ಅದರ ಉಪಕರಣವೊಂದು ನೀರಿನ ಸುಳಿವು ಹಿಡಿದಿತ್ತು. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು 1964ರ ಅಮೆರಿಕದ ನೌಕೆ ರೇಂಜರ್-7. ಕೊನೆಯ ಹದಿನೇಳು ನಿಮಿಷಗಳಲ್ಲಿ ಅದು 4,300ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. ಕಟ್ಟಕಡೆಯ ಚಿತ್ರ ಅರ್ಧಕ್ಕೇ ನಿಂತಿದೆ: ಒಂದು ಕಡೆ ಚಂದ್ರನ ನೆಲ, ಇನ್ನೊಂದು ಕಡೆ ಬರೀ ಅರ್ಥವಿಲ್ಲದ ಚುಕ್ಕೆಗಳು. ಚಿತ್ರ ರವಾನೆಯಾಗುತ್ತಿದ್ದಾಗಲೇ ನೌಕೆ ಇಲ್ಲವಾಗಿತ್ತು. ಆ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ.

ಇನ್ನು ಹಾನಿಯ ಮಾತು. ಎಲ್‌ಕ್ರಾಸ್ ತೋಡಿದ ಹೊಂಡ ಸುಮಾರು 25ರಿಂದ 30 ಮೀಟರ್ ಅಗಲದ್ದು. ಅದನ್ನು ಒಳಗೊಂಡ ಕ್ಯಾಬಿಯಸ್ ಸುಮಾರು ನೂರು ಕಿಲೋಮೀಟರ್ ಅಗಲದ್ದು. ಆಕಾಶದ ಕಲ್ಲುಗಳು ಚಂದ್ರನಿಗೆ ಸದಾ ಬಡಿಯುತ್ತಲೇ ಇರುತ್ತವೆ. ಅಂಥ ಪೆಟ್ಟೇ ಕೆಲವೊಮ್ಮೆ ಚಂದ್ರನ ಒಡಲಿನ ಕಥೆ ಹೇಳುತ್ತದೆ. 1969ರಲ್ಲಿ ಅಪೊಲೊ-12ರ ಗಗನಯಾತ್ರಿಗಳು ಮಾತೃನೌಕೆಗೆ ಮರಳಿದ ಬಳಿಕ ಬೀಳಿಸಿದ ಖಾಲಿ ವಾಹನದ ಹೊಡೆತಕ್ಕೆ, ಅಲ್ಲಿಟ್ಟು ಬಂದಿದ್ದ ಕಂಪನಮಾಪಕ ಹೆಚ್ಚುಕಡಿಮೆ ಒಂದು ಗಂಟೆ ಕಾಲ ಅದಿರಿತು. ಒಣಗಿ ಬಿರುಕುಬಿಟ್ಟ ಹೊರಪದರದಲ್ಲಿ ಅಲೆಗಳು ಬೇಗ ಅಡಗುವುದಿಲ್ಲವೆಂಬುದು ಹೀಗೆ ತಿಳಿಯಿತು.

ಬೇಕೆಂದೇ ಬಿದ್ದವುಗಳನ್ನೂ ಇಳಿಯಲಾಗದೆ ಬಿದ್ದವುಗಳನ್ನೂ ಬೇರ್ಪಡಿಸಿದ ತಿದ್ದುಪಡಿ ಇದೇ ಸಂಚಿಕೆಯ ಹಾಸ್ಯಪುಟದಲ್ಲಿದೆ. ರೇಂಜರ್-7ರ ಆ ಅರ್ಧ ಚಿತ್ರವನ್ನೂ ಅದರ ಪಕ್ಕದಲ್ಲೇ ಅಚ್ಚು ಮಾಡಿದ್ದೇವೆ.

ಸಂಪಾದಕ