ರೈಲಿಗೆ ಸೈಕಲ್ ಹತ್ತಿಸಿ ತೈವಾನ್ ಸುತ್ತೋಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ತೈವಾನಿನ ಸೈಕಲ್ ದಾರಿಗಳ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವು ಒಂದೇ ಥರ ಇದ್ದವು, ಸೇರಿಸಿಬಿಟ್ಟಿದ್ದೇನೆ.

ಪ್ರಶ್ನೆ: ನವೆಂಬರಿನಲ್ಲಿ ಆಫೀಸ್ ಕೆಲಸದ ಮೇಲೆ ತೈಪೆಗೆ ಹೋಗುತ್ತಿದ್ದೇನೆ. ಕೊನೆಯ ದಿನ ಪೂರ್ತಿ ಬಿಡುವು. ಸೈಕಲ್ ಅಂದರೆ ಇಷ್ಟ, ಆದರೆ ವಯಸ್ಸು 48, ಮೊಣಕಾಲು ಆಗಾಗ ತಕರಾರು ಮಾಡುತ್ತೆ. 30 ಕಿ.ಮೀ. ದಾಟಿದರೆ ಸುಸ್ತು. ಊರೊಳಗೆ ಸುತ್ತೋದು ಬೇಡ, ಸಮುದ್ರ ನೋಡಬೇಕು. ಎಲ್ಲಿಗೆ ಹೋಗಲಿ?

ಫುಲಾಂಗ್‌ಗೆ ಹೋಗಿ. ಬೇರೆ ಯೋಚನೆಯೇ ಬೇಡ.

ತೈಪೆಯಿಂದ ಯಿಲಾನ್ ಕಡೆ ಹೋಗುವ ರೈಲು ಹತ್ತಿದರೆ ಒಂದು, ಒಂದೂವರೆ ಗಂಟೆಯಲ್ಲಿ ಫುಲಾಂಗ್ ಬರುತ್ತೆ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಸಣ್ಣ ಊರು. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಬಾಡಿಗೆ ಸೈಕಲ್ ಅಂಗಡಿಗಳು. ಅಂಗಡಿಯವರು ಕೊಟ್ಟದ್ದನ್ನೇ ಹಿಡಿದುಕೊಂಡು ಹೊರಟುಬಿಡಬೇಡಿ. ಎರಡು ಬ್ರೇಕ್ ಒತ್ತಿ ನೋಡಿ, ಗೇರ್ ಬದಲಾಗುತ್ತಾ ನೋಡಿ, ಸೀಟು ನಿಮ್ಮ ಎತ್ತರಕ್ಕೆ ಏರಿಸಿಕೊಳ್ಳಿ. ಮೊಣಕಾಲು ನೋವಿನವರಿಗೆ ಸೀಟು ತಗ್ಗಿದ್ದರೆ ಹತ್ತು ಕಿಲೋಮೀಟರಿನಲ್ಲೇ ಗೊತ್ತಾಗುತ್ತೆ.

ಅಲ್ಲಿಗೆ ಜನ ಹೋಗುವುದೇ ಹಳೆಯ ತ್ಸಾವೊಲಿಂಗ್ ಸುರಂಗಕ್ಕೆ. ಜಪಾನಿಯರ ಆಳ್ವಿಕೆಯಲ್ಲಿ ಕೊರೆದ ರೈಲು ಸುರಂಗ ಅದು, 1924ರಲ್ಲಿ ಮುಗಿಯಿತು. ಉದ್ದ 2,167 ಮೀಟರ್. ಪಕ್ಕದಲ್ಲೇ ಜೋಡಿ ಹಳಿಯ ಹೊಸ ಸುರಂಗ ಬಂದಮೇಲೆ 1986ರಲ್ಲಿ ಇದನ್ನು ಕೈಬಿಟ್ಟರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಾಳು ಬಿದ್ದಿತ್ತು. 2008ರಲ್ಲಿ ದೀಪ ಹಾಕಿ, ನೆಲ ಸರಿಮಾಡಿ, ಸೈಕಲ್‌ಗೆ ಬಿಟ್ಟರು. ಒಳಗೆ ಕಾರು, ಸ್ಕೂಟರ್ ಯಾವುದೂ ಬರುವ ಹಾಗಿಲ್ಲ. ಬಿಸಿಲಿನಿಂದ ಒಳಗೆ ಹೊಕ್ಕ ತಕ್ಷಣ ಮೈಗೆ ತಂಪು, ಅಲ್ಲಲ್ಲಿ ಹನಿ ಹನಿ ನೀರು, ಮುಂದೆ ಹೋಗುತ್ತಿರುವ ಮಕ್ಕಳ ಕೂಗು ಗೋಡೆಗೆ ಬಡಿದು ವಾಪಸ್ ಬರುತ್ತಾ ಇರುತ್ತೆ. ಎರಡು ಕಿಲೋಮೀಟರ್ ಹೀಗೇ ಹೋಗಿ ಆ ಕಡೆ ಹೊರಬಿದ್ದರೆ ಎದುರಿಗೇ ಪೆಸಿಫಿಕ್ ಸಾಗರ. ಅದರ ನಡುವೆ ಗುಯ್‌ಶಾನ್ ದ್ವೀಪ. ಆಮೆ ಬೆಟ್ಟ ಅಂತ ಅರ್ಥ, ನೋಡಲೂ ಹಾಗೇ ಇದೆ. ಅದೊಂದು ಜ್ವಾಲಾಮುಖಿ ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ಏನು ಅನ್ನೋದೇ ವಿಷಯ. ಬಹಳ ಜನ ಶಿಚೆಂಗ್ ಹತ್ತಿರ ಎಡಕ್ಕೆ ತಿರುಗಿ, ದಡದ ದಾರಿಯಲ್ಲಿ ಸಾನ್‌ದ್ಯಾವೊ ಭೂಶಿರ ಸುತ್ತಿ ಫುಲಾಂಗ್‌ಗೆ ವಾಪಸ್ ಬರುತ್ತಾರೆ. ಇಪ್ಪತ್ತು ಚಿಲ್ಲರೆ ಕಿ.ಮೀ. ಸುತ್ತು. ತೈವಾನ್ ಮುಖ್ಯ ದ್ವೀಪದ ತೀರಾ ಪೂರ್ವದ ತುದಿ ಆ ಭೂಶಿರ. 1626ರಲ್ಲಿ ಬಂದ ಸ್ಪೇನಿನವರು ಇಟ್ಟ ಸಾಂತಿಯಾಗೊ ಅನ್ನೋ ಹೆಸರು ಸ್ಥಳೀಯರ ಬಾಯಲ್ಲಿ ಸಾನ್‌ದ್ಯಾವೊ ಆಯಿತು. 1935ರ ಬಿಳಿ ದೀಪಸ್ತಂಭ ಇದೆ. ಅಲ್ಲಿಗೆ ಹತ್ತುವ ಏರು ಮಾತ್ರ ಸಣ್ಣದಲ್ಲ. ನಿಮ್ಮ ಮೊಣಕಾಲಿಗೆ ಹೇಳುತ್ತಿದ್ದೇನೆ: ಸೈಕಲ್ ಕೆಳಗೆ ಬಿಟ್ಟು ನಡೆದು ಹೋಗಿ, ಇಲ್ಲ ಕೆಳಗಿನಿಂದಲೇ ನೋಡಿ.

ಆದರೆ ನೀವು ಹೋಗುವುದು ನವೆಂಬರಿನಲ್ಲಿ. ಆಗ ಈಶಾನ್ಯದ ಗಾಳಿ ಶುರುವಾಗಿರುತ್ತೆ. ಸುರಂಗದಿಂದ ಹೊರಬಂದು ಭೂಶಿರ ಸುತ್ತುವಾಗ ಆ ಗಾಳಿ ಸೀದಾ ಮುಖಕ್ಕೆ ಹೊಡೆಯುತ್ತೆ. ಅದಕ್ಕೆ ಸುತ್ತನ್ನು ಉಲ್ಟಾ ಮಾಡಿ. ಮೊದಲು ಭೂಶಿರ, ಅದು ದಾಟಿದ ಮೇಲೆ ಗಾಳಿ ಬೆನ್ನಿಗೆ, ಕೊನೆಗೆ ಸುರಂಗದೊಳಗಿಂದ ವಾಪಸ್. ಸುರಂಗವನ್ನು ಸಂಜೆ ಮುಚ್ಚುತ್ತಾರೆ, ಮೂರು ಮೂರೂವರೆ ಒಳಗೆ ಅಲ್ಲಿರಿ.

ನಾನಾದರೆ ಅದೂ ಮಾಡುವುದಿಲ್ಲ. ಫುಲಾಂಗ್‌ನಿಂದ ಸುರಂಗ ದಾಟಿ, ಬಲಕ್ಕೆ ತಿರುಗಿ, ಸಮುದ್ರ ಎಡಕ್ಕಿಟ್ಟುಕೊಂಡು ದಕ್ಷಿಣಕ್ಕೆ ಹೋಗ್ತಾ ಇರುತ್ತೇನೆ. ಆ ದಾರಿಯ ಸುಖ ಏನು ಗೊತ್ತಾ, ರಸ್ತೆಯ ಪಕ್ಕದಲ್ಲೇ ರೈಲು ಹಳಿ. ಶಿಚೆಂಗ್, ದಾಲಿ, ದಾಶಿ, ಗುಯ್‌ಶಾನ್, ವಾಯ್‌ಆವ್, ತೌಚೆಂಗ್ ಅಂತ ಕೆಲವೇ ಕಿಲೋಮೀಟರಿಗೆ ಒಂದೊಂದು ನಿಲ್ದಾಣ. ಮಳೆ ಬಂತು, ಸುಸ್ತಾಯಿತು, ಅಥವಾ ದಾಶಿ ಬಂದರಿನಲ್ಲಿ ಮೀನು ದೋಣಿ ನೋಡ್ತಾ ಹೊತ್ತು ಹೋಯಿತು, ಏನೇ ಆಗಲಿ, ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಿ. ಬಂದ ದಾರಿಯಲ್ಲೇ ವಾಪಸ್ ತುಳಿಯುವ ಕರ್ಮ ಇಲ್ಲ. ಗಾಳಿಯೂ ಬೆನ್ನಿಗೇ. ಹೆದ್ದಾರಿ 2ರಲ್ಲಿ ಲಾರಿಗಳು ಬರುತ್ತವೆ ಅನ್ನೋದೊಂದೇ ಕಿರಿಕಿರಿ. ರಸ್ತೆಯ ಅಂಚು ಬಿಡಬೇಡಿ, ಮಿನುಗುವ ಹಿಂದಿನ ದೀಪ ಹಾಕಿಕೊಳ್ಳಿ. ಶಕ್ತಿ ಉಳಿದಿದ್ದರೆ ತೌಚೆಂಗ್ ದಾಟಿ ಜ್ಯಾವೊಶಿವರೆಗೂ ಹೋಗಬಹುದು, ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ರೈಲ್ವೆ ನಿಲ್ದಾಣದ ಹತ್ತಿರವೇ ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ಕಟ್ಟೆ ಇದೆ, ದುಡ್ಡಿಲ್ಲ. ಬಾಡಿಗೆ ಸೈಕಲ್ ಆದರೆ ಅದನ್ನು ಫುಲಾಂಗ್‌ಗೆ ತಂದು ಕೊಡಬೇಕಲ್ಲ ಅಂತ ಕೇಳುತ್ತೀರಿ. ಅದಕ್ಕೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಅಲ್ಲಿನ ರೈಲಿನಲ್ಲಿ ಸೈಕಲ್ ಹತ್ತಿಸಲು ನಿಜವಾಗಲೂ ಬಿಡುತ್ತಾರಾ? ಬಿಚ್ಚಬೇಕಾ? ಚಾರ್ಜ್ ಎಷ್ಟು?

ಬಿಡುತ್ತಾರೆ. ಎರಡು ರೀತಿ ಇದೆ, ಗೊಂದಲ ಮಾಡಿಕೊಂಡರೆ ಪ್ಲಾಟ್‌ಫಾರ್ಮಿನಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲಬೇಕಾಗುತ್ತೆ, ನಾನು ನಿಂತ ಹಾಗೆ.

ಮೊದಲನೆಯದು, ಮಡಚುವ ಸೈಕಲ್, ಅಥವಾ ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದ ಸೈಕಲ್. ಇದು ಲಗೇಜ್ ಲೆಕ್ಕ, ಬೇರೆ ಟಿಕೆಟ್ ಬೇಡ. ಚೀಲ ಪೂರ್ತಿ ಮುಚ್ಚಿರಬೇಕು. ಹ್ಯಾಂಡಲ್ ಒಂದು ಕಡೆ, ಪೆಡಲ್ ಒಂದು ಕಡೆ ಇಣುಕಿದರೆ ಆಗಲ್ಲ. ಪಶ್ಚಿಮ ತೀರದ ಹೈ ಸ್ಪೀಡ್ ರೈಲಿನಲ್ಲಂತೂ ಇದೊಂದೇ ದಾರಿ.

ಎರಡನೆಯದು, ಇಡೀ ಸೈಕಲ್ ಇದ್ದ ಹಾಗೇ ತಳ್ಳಿಕೊಂಡು ಹೋಗೋದು. ಇದು ಮುಖ್ಯವಾಗಿ ಲೋಕಲ್ ರೈಲುಗಳಲ್ಲಿ. ಸೈಕಲ್‌ಗೆ ಅರ್ಧ ಟಿಕೆಟ್. ಎಲ್ಲ ನಿಲ್ದಾಣಗಳಲ್ಲೂ ಹತ್ತಿಸಲು ಬಿಡುವುದಿಲ್ಲ, ಎಲ್ಲ ರೈಲಿಗೂ ಅಲ್ಲ, ಬೋಗಿಯೂ ಗೊತ್ತುಪಡಿಸಿದ್ದೇ ಆಗಬೇಕು. ವೇಳಾಪಟ್ಟಿಯಲ್ಲಿ ಸೈಕಲ್ ಚಿತ್ರ ಇರುತ್ತೆ, ಅದನ್ನು ಹುಡುಕಿ. ಕಾರ್ಡ್ ತಟ್ಟಿ ಒಳಗೆ ನುಗ್ಗುವ ಬದಲು ಕೌಂಟರಿಗೆ ಹೋಗಿ, ಸೈಕಲ್ ತೋರಿಸಿ, ಹೋಗುವ ಊರಿನ ಹೆಸರು ಹೇಳಿ. ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಫುಲಾಂಗ್‌ನ ಬಾಡಿಗೆ ಸೈಕಲ್ ವಾಪಸ್ ಬರುವುದೂ ಹೀಗೆಯೇ. ಎಲ್ಲಿ ಹತ್ತಿಸಬಹುದು ಅಂತ ಬೆಳಿಗ್ಗೆ ಫುಲಾಂಗ್ ಕೌಂಟರಿನಲ್ಲೇ ಕೇಳಿಕೊಂಡು ಹೊರಡಿ.

ನನ್ನ ಕಥೆ ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಬಂದ ರೈಲು ಲೋಕಲ್ಲೇ ಅಂದುಕೊಂಡು ಸೈಕಲ್ ಹಿಡಿದು ಬಾಗಿಲ ಹತ್ತಿರ ಹೋದೆ. ಗಾರ್ಡ್ ಬಂದು ಕೈಯಲ್ಲೇ ಚೀಲದ ಆಕಾರ ಮಾಡಿ ತೋರಿಸಿದರು. ಚೀಲ ಎಲ್ಲಿಂದ ತರಲಿ? ರೈಲು ಹೊರಟಿತು, ನಾನು ಉಳಿದೆ. ತಪ್ಪು ನನ್ನದೇ, ಬೋರ್ಡ್ ಸರಿಯಾಗಿ ಓದಿರಲಿಲ್ಲ. ಮುಂದಿನ ಲೋಕಲ್‌ಗೆ ಹತ್ತಿರ ಹತ್ತಿರ ಒಂದು ಗಂಟೆ. ಆಗ ಕಣ್ಣಿಗೆ ಬಿದ್ದಿದ್ದು ಟಿಕೆಟ್ ಕೌಂಟರ್ ಪಕ್ಕದ ಸಣ್ಣ ಮೇಜು, ಮೇಲೊಂದು ರಬ್ಬರ್ ಮುದ್ರೆ, ಶಾಯಿ ಪ್ಯಾಡ್. ತೈವಾನಿನ ಬಹಳಷ್ಟು ನಿಲ್ದಾಣಗಳಲ್ಲಿ ಅಲ್ಲಿಯದೇ ಚಿತ್ರದ ಮುದ್ರೆ ಇಟ್ಟಿರುತ್ತಾರೆ, ಯಾರು ಬೇಕಾದರೂ ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳಬಹುದು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಒಂದು ನೋಟ್‌ಬುಕ್ ಜೊತೆಗಿರಲಿ.

ಪ್ರಶ್ನೆ: ಅಲ್ಲಿ ವಾಹನಗಳು ಬಲಗಡೆ ಓಡುತ್ತವಂತೆ. ಎಡಗಡೆ ಓಡಿಸಿ ಅಭ್ಯಾಸ ಆದವರಿಗೆ ಕಷ್ಟ ಅಲ್ವಾ?

ನೇರ ದಾರಿಯಲ್ಲಿ ಕಷ್ಟ ಇಲ್ಲ, ಮುಂದಿನವರ ಹಿಂದೆ ಹೋಗ್ತಾ ಇರುತ್ತೀರಿ. ಎಡವುವುದು ಖಾಲಿ ರಸ್ತೆಯಲ್ಲಿ, ಟೀ ಕುಡಿದು ಎದ್ದು ಹೊರಟಾಗ. ಕಾಲು ತಾನಾಗೇ ಎಡಕ್ಕೆ ಹೋಗುತ್ತೆ. ದೊಡ್ಡ ಜಂಕ್ಷನ್‌ನಲ್ಲಿ ಎಡಕ್ಕೆ ಹೋಗಬೇಕಾದರೆ ಸೀದಾ ತಿರುಗಬೇಡಿ. ಮೊದಲು ಮುಂದಕ್ಕೆ ದಾಟಿ, ಅಲ್ಲಿ ನೆಲದ ಮೇಲೆ ಬರೆದಿರುವ ಚೌಕದಲ್ಲಿ ನಿಂತು, ಆ ಕಡೆಯ ಹಸಿರು ದೀಪ ಬಂದಮೇಲೆ ಹೋಗಬೇಕು. ಸ್ಕೂಟರಿನವರು ಗುಂಪಾಗಿ ಹಾಗೇ ನಿಂತಿರುತ್ತಾರೆ, ನೀವೂ ಹೋಗಿ ಸೇರಿಕೊಳ್ಳಿ. ಕೆಂಪು ದೀಪ ಇದ್ದಾಗ ಬಲಕ್ಕೂ ತಿರುಗುವಂತಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಸೈಕಲ್ ತುಳಿದು ಹಸಿದಾಗ ಏನು ಗತಿ?

ಈ ಭಯ ಬಿಟ್ಟುಬಿಡಿ. ಬೌದ್ಧರ ದೆಸೆಯಿಂದ ತೈವಾನಿನಲ್ಲಿ ಸಸ್ಯಾಹಾರದ ಹೋಟೆಲುಗಳು ಬೇಕಾದಷ್ಟಿವೆ. ಬೋರ್ಡ್ ಮೇಲೆ ಎಡಕ್ಕೆ ತಿರುಗಿದ ಸ್ವಸ್ತಿಕ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕದ ಅಡುಗೆಯೇ ಹೆಚ್ಚು. "ವೋ ಚ್ ಸೂ" ಅಂದರೆ ನಾನು ಸಸ್ಯಾಹಾರಿ. ಪೊಟ್ಟಣದ ತಿನಿಸುಗಳಿಗೂ ಅಲ್ಲಿ ಕಾನೂನಿದೆ. ಸಸ್ಯಾಹಾರ ಅಂತ ಮಾರುವುದಾದರೆ ಐದು ಬಗೆಯಲ್ಲಿ ಯಾವುದು ಅಂತ ಬರೆಯಲೇಬೇಕು: ಏನೂ ಇಲ್ಲದ್ದು, ಮೊಟ್ಟೆ ಇರುವುದು, ಹಾಲು ಇರುವುದು, ಮೊಟ್ಟೆ ಹಾಲು ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಜಾತಿಯವು ಇರುವುದು. ಹಳ್ಳಿಯ ದಾರಿಯಲ್ಲಿ ಹೋಟೆಲ್ ಸಿಗದಿದ್ದರೆ ಸೆವೆನ್ ಇಲೆವೆನ್ ಅಥವಾ ಫ್ಯಾಮಿಲಿಮಾರ್ಟ್ ಇರುತ್ತೆ. ಅಲ್ಲಿ ಸುಟ್ಟ ಸಿಹಿಗೆಣಸು, ಬಾಳೆಹಣ್ಣು, ಸೋಯಾ ಹಾಲು. ಸೈಕಲ್ ತುಳಿಯುವವರಿಗೆ ಗೆಣಸಿಗಿಂತ ಇನ್ನೇನು ಬೇಕು? ಫುಲಾಂಗ್ ನಿಲ್ದಾಣದ ಊಟದ ಡಬ್ಬಿ ಭಾರೀ ಹೆಸರುವಾಸಿ, ಆದರೆ ಅದರಲ್ಲಿ ಹಂದಿಮಾಂಸ ಇರುತ್ತೆ, ನಿಮಗಲ್ಲ.

ಪ್ರಶ್ನೆ: ಇಡೀ ದ್ವೀಪವನ್ನೇ ಸೈಕಲ್‌ನಲ್ಲಿ ಸುತ್ತುವವರಿದ್ದಾರಂತೆ. ಅವರೂ ರೈಲು ಹತ್ತಿದರೆ ಅದು ಮೋಸ ಅಲ್ವಾ?

ಯಾರಿಗೆ ಮೋಸ? ಸುತ್ತು ಹಾಕೋದನ್ನು ಅವರು ಹ್ವಾನ್‌ದಾವ್ ಅನ್ನುತ್ತಾರೆ. 2015ರ ಕೊನೆಗೆ ಸರ್ಕಾರ ಒಂದನೇ ನಂಬರಿನ ಸೈಕಲ್ ಮಾರ್ಗ ಅಂತ ಗುರುತು ಹಾಕಿಸಿತು, ಸುಮಾರು 960 ಕಿ.ಮೀ. ಜೈಂಟ್ ಸೈಕಲ್ ಕಂಪನಿ ಕಟ್ಟಿದ ಕಿಂಗ್ ಲಿಯು 2007ರಲ್ಲಿ, 73ನೇ ವಯಸ್ಸಿನಲ್ಲಿ, 15 ದಿನದಲ್ಲಿ ದ್ವೀಪ ಸುತ್ತಿದರು. ಅದಾದಮೇಲೆ ಈ ಹುಚ್ಚು ಇನ್ನೂ ಜಾಸ್ತಿಯಾಯಿತು.

ಆದರೆ ಸು-ಆವ್‌ನಿಂದ ಹುವಾಲಿಯೆನ್‌ವರೆಗೆ ಒಂದು ತುಂಡಿದೆ, ಸುಹುವಾ ಹೆದ್ದಾರಿ. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ನೇರ ಸಮುದ್ರಕ್ಕೆ ಪ್ರಪಾತ. ಕಲ್ಲು ಉರುಳುತ್ತವೆ, ಇಕ್ಕಟ್ಟಾದ ಸುರಂಗಗಳಲ್ಲಿ ಲಾರಿ ಬರುತ್ತವೆ. 2020ರ ಜನವರಿಯಲ್ಲಿ ಪೂರ್ತಿಯಾದ ಹೊಸ ಸುರಂಗಗಳ ದಾರಿಯಲ್ಲಿ ಸೈಕಲ್‌ಗೆ ಪ್ರವೇಶ ಇಲ್ಲ, ಹಳೆಯ ರಸ್ತೆಯೇ ಗತಿ. ಅದಕ್ಕೇ ಅಲ್ಲಿನ ಬಹಳ ಜನ ಆ ಒಂದು ತುಂಡನ್ನು ಸೈಕಲ್ ಸಮೇತ ರೈಲಿನಲ್ಲಿ ದಾಟುತ್ತಾರೆ. ಯಾರೂ ಹೀಯಾಳಿಸುವುದಿಲ್ಲ. ನಾನೂ ಹಾಗೇ ಮಾಡಿದ್ದು, ಕಿಟಕಿಯಿಂದ ಆ ಬೆಟ್ಟಗಳನ್ನು ನೋಡಿ ಸದ್ಯ ಬಚಾವಾದೆ ಅಂದುಕೊಂಡೆ.

ಪ್ರಶ್ನೆ: ಒಂದಲ್ಲ, ಎರಡು ದಿನ ಸಿಕ್ಕರೆ?

ಹಾಗಾದರೆ ಪೂರ್ವದ ಕಣಿವೆಗೆ ಹೋಗಿ. ರೈಲಿನಲ್ಲಿ ಯುಲಿ ಸೇರಿ, ರಾತ್ರಿ ಅಲ್ಲೇ ಉಳಿಯಿರಿ. ಯುಲಿಯಿಂದ ದೊಂಗ್‌ಲಿ ಕಡೆಗೆ ರೈಲು ಬಿಟ್ಟುಹೋದ ಹಳೆಯ ಮಾರ್ಗವೇ ಈಗ ಸೈಕಲ್ ದಾರಿ. ರೈಲು ಓಡಿದ ಜಾಗ ಆದ್ದರಿಂದ ಏರು ಅನ್ನೋದೇ ಗೊತ್ತಾಗಲ್ಲ. ನಡುವೆ ನದಿಯ ಮೇಲೆ ಸೇತುವೆ. ಅದರ ಒಂದು ತುದಿ ಯುರೇಷ್ಯದ ಭೂಫಲಕದ ಮೇಲೆ, ಇನ್ನೊಂದು ತುದಿ ಫಿಲಿಪ್ಪೀನ್ ಸಮುದ್ರ ಫಲಕದ ಮೇಲೆ. ಇವೆರಡು ವರ್ಷಕ್ಕೆ ಸುಮಾರು 8 ಸೆಂ.ಮೀ. ಹತ್ತಿರ ಬರುತ್ತಿವೆ. ಗುರುತಿನ ಹತ್ತಿರ ಒಂದು ಚಕ್ರ ಆ ಕಡೆ, ಒಂದು ಚಕ್ರ ಈ ಕಡೆ ಇಟ್ಟು ಫೋಟೊ ತೆಗೆಸಿಕೊಳ್ಳದವರೇ ಇಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹೋದರೆ ಚ್‌ಶಾಂಗ್, ಭತ್ತದ ಊರು. ಗದ್ದೆಗಳ ನಡುವಿನ ಒಂದು ರಸ್ತೆಯಲ್ಲಿ ಕರೆಂಟ್ ಕಂಬ ಒಂದೂ ಇಲ್ಲ. ಅಲ್ಲೊಂದು ಮರ ಇದೆ. 2013ರಲ್ಲಿ ನಟ ತಾಕೇಶಿ ಕನೇಶಿರೊ ಅದರ ಕೆಳಗೆ ಕೂತು ಚಹಾ ಕುಡಿದ ವಿಮಾನ ಕಂಪನಿಯ ಜಾಹೀರಾತು ಬಂತು, ಅಲ್ಲಿಂದ ಮರದ ಹೆಸರೇ ಅವನ ಹೆಸರಾಯಿತು. ಮರುವರ್ಷ ಚಂಡಮಾರುತಕ್ಕೆ ಉರುಳಿತು, ಎತ್ತಿ ನಿಲ್ಲಿಸಿ ಉಳಿಸಿಕೊಂಡರು. ಮರಕ್ಕೆ ಕ್ಯೂ ಇರುತ್ತೆ. ನನಗೆ ಅದಕ್ಕಿಂತ ಪಕ್ಕದ ಕಾಲುವೆ ಇಷ್ಟ, ಯಾರೂ ಅದನ್ನು ನೋಡುವುದೇ ಇಲ್ಲ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದಲ್ಲಿ ಹೋದರೆ ತೆನೆ ಹಣ್ಣಾಗಿರುತ್ತೆ. ಸಂಜೆ ಚ್‌ಶಾಂಗ್‌ನಲ್ಲೇ ರೈಲು ಹತ್ತಿದರೆ ರಾತ್ರಿ ತೈಪೆ.

ಪ್ರಶ್ನೆ: ತರೊಕೊ ಕಮರಿಯಲ್ಲಿ ಸೈಕಲ್?

ಬೇಡ. 2024ರ ಏಪ್ರಿಲ್ 3ರ ಭೂಕಂಪದಲ್ಲಿ ಅಲ್ಲಿನ ರಸ್ತೆಗಳಿಗೆ ವಿಪರೀತ ಹಾನಿಯಾಯಿತು.

ಪ್ರಶ್ನೆ: ದಾರಿಯಲ್ಲಿ ಟೈರ್ ಗಾಳಿ ಹೋದರೆ?

ಪೊಲೀಸ್ ಸ್ಟೇಷನ್‌ಗೆ ಹೋಗಿ. ತಮಾಷೆ ಅಲ್ಲ. ಸೈಕಲ್ ಮಾರ್ಗದ ಬಹಳ ಸ್ಟೇಷನ್‌ಗಳಲ್ಲಿ ಪಂಪ್, ಕುಡಿಯುವ ನೀರು, ಸಣ್ಣಪುಟ್ಟ ಸ್ಪ್ಯಾನರ್ ಇಟ್ಟಿರುತ್ತಾರೆ. ನಾನು ಒಂದು ಸಲ ಗಾಳಿ ಹೊಡೆದುಕೊಳ್ಳೋಕೆ ಹೋದಾಗ ಅಲ್ಲಿದ್ದ ಪೇದೆ ಪಂಪನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೊಡೆದರು, ಆಮೇಲೆ ಹಿಂದಿನ ಚಕ್ರ ಒತ್ತಿ ನೋಡಿ ಅದಕ್ಕೂ ಹೊಡೆದರು.