ಸಂಜೆ ಆರು ಗಂಟೆಯ ಪ್ರಶ್ನೆಗೆ

ಅಣ್ಣಾ, ಕುಡಿತ ಬಿಟ್ಟು 20 ದಿನ ಆಯಿತು, ನಿದ್ದೆ ಬರುತ್ತಿಲ್ಲ, ಸಂಜೆ ಆದರೆ ನಾನ್ಯಾರು ಅಂತಲೇ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ನಾನೂ ಕೊಪ್ಪಳದವನೇ. ಬಿಟ್ಟು ನಾಲ್ಕು ವರ್ಷ ಆಯಿತು.

ನಿದ್ದೆ ಬಗ್ಗೆ ಹೆದರಬೇಡಿ. ಕುಡಿತ ನಿದ್ದೆಯನ್ನೇ ಕೆಡಿಸಿರುತ್ತದೆ, ಸರಿಹೋಗಲು ಕೆಲವರಿಗೆ ತಿಂಗಳುಗಳೇ ಬೇಕು.

ಸಂಜೆ ನನಗೂ ಕಷ್ಟವಾಗಿತ್ತು. ಆರರಿಂದ ಎಂಟು, ಆ ಎರಡು ತಾಸು. ಕಾಲು ತಾನಾಗಿಯೇ ಅಂಗಡಿ ಕಡೆ ಎಳೆಯುತ್ತಿತ್ತು. ಮೊದಮೊದಲು ಹೊಟ್ಟೆ ತುಂಬ ಮಂಡಕ್ಕಿ ಮಿರ್ಚಿ ತಿಂದು ಗವಿಮಠದ ಕಡೆ ಸುಮ್ನೆ ನಡೆಯುತ್ತಿದ್ದೆ. ಹಸಿವಿದ್ದರೆ ಆಸೆ ಜಾಸ್ತಿ, ಇದು ನಾನು ಕಂಡಿದ್ದು. ಆಮೇಲೆ ಓಣಿಯ ಭಜನೆ ಮೇಳದಲ್ಲಿ ಹೋಗಿ ಕೂತೆ. ಹೈಸ್ಕೂಲಿನಲ್ಲಿ ತಬಲಾ ಬಾರಿಸುತ್ತಿದ್ದೆ, ಅದು ಮರೆತೇ ಹೋಗಿತ್ತು! ಬೆರಳಿಗೆ ನೆನಪಿತ್ತು. ಆ ರಾತ್ರಿ ಮನೆಗೆ ಬಂದು ಅತ್ತುಬಿಟ್ಟೆ. ಕುಡಿಯುವ ಮೊದಲು ನಿಮಗೆ ಏನು ಇಷ್ಟವಿತ್ತು? ಅಲ್ಲಿಂದ ಹುಡುಕಿ.

ಒಂದು ಮಾತು. ಮತ್ತೆ ದಿನಾ ಕುಡಿಯುವಂತಾದರೆ ಮನೆಯಲ್ಲೇ ದಿಢೀರನೆ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರವೇ ಹೋಗಿ. ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಸಂಜೆ ಹೇಗಿತ್ತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.